ಸಮಕ್ಕೆ ಬರಲು ಅವಸರವಿಲ್ಲ

ಎಲ್ಲರಿಗೂ ನಮಸ್ಕಾರ. ಹೊರಗೆ ಜಿಟಿಜಿಟಿ ಮಳೆ, ಆದರೂ ಇಷ್ಟು ಮಂದಿ ಬಂದಿದ್ದೀರಿ. ಧಾರವಾಡದಲ್ಲಿ ನಿಂತು ಅಮೆರಿಕದ ರಾಕ್ ಬಗ್ಗೆ ಮಾತಾಡೋದಕ್ಕೆ ಸ್ವಲ್ಪ ಧೈರ್ಯ ಬೇಕು. ಮುಂದಿನ ಸಾಲಿನ ಹಿರಿಯರೊಬ್ಬರು ಆಗಲೇ ಕೇಳಿದರು, ‘ಕಿವಿಗೆ ಹತ್ತಿ ತರಬೇಕಿತ್ತೇನ್ರಿ?’ ಬೇಡ ಸರ್. ಇವತ್ತಿನದು ಗದ್ದಲದ ರಾಕ್ ಅಲ್ಲ.

ಬೀಚ್ ಹೌಸ್ ಅನ್ನೋದು ಇಬ್ಬರದೇ ತಂಡ. ವಿಕ್ಟೋರಿಯಾ ಲೆಗ್ರಾಂಡ್ ಹಾಡುತ್ತಾ ಆರ್ಗನ್ ನುಡಿಸುತ್ತಾರೆ, ಅಲೆಕ್ಸ್ ಸ್ಕ್ಯಾಲಿ ಗಿಟಾರ್ ಹಿಡಿಯುತ್ತಾರೆ. ಊರು ಬಾಲ್ಟಿಮೋರ್. 2006ರಲ್ಲಿ ಬಂದ ಮೊದಲ ಆಲ್ಬಮ್ಮಿಗೂ ತಂಡದ್ದೇ ಹೆಸರು. ಒಟ್ಟು 9 ಹಾಡು. ಮನೆಯ ನೆಲಮಾಳಿಗೆಯಲ್ಲಿ ಎರಡೇ ದಿನದಲ್ಲಿ ರೆಕಾರ್ಡ್ ಮಾಡಿದ್ದು, ಅದೂ 4 ಟ್ರ್ಯಾಕ್‌ನ ಮಷೀನಿನಲ್ಲಿ. ಅಂದರೆ ನಾಲ್ಕು ಸದ್ದನ್ನು ಬೇರೆ ಬೇರೆ ಹಿಡಿದಿಡುವಷ್ಟೇ ಜಾಗ. ಐದನೆಯದು ಬೇಕಾದರೆ ಇದ್ದ ಎರಡನ್ನು ಒಂದರಲ್ಲಿ ಕೂಡಿಸಬೇಕು. ಸುಮ್ನೆ ಅಲಂಕಾರಕ್ಕೆ ಇರಲಿ ಅಂತ ಏನನ್ನೂ ಸೇರಿಸೋ ಹಾಗಿಲ್ಲ.

ಇದನ್ನು ಮೊದಲು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಗುರುಗಳ ಮನೆ. ತಬಲಾದವರು ಬಾರದ ದಿನ ಅವರು ತಾಲ್‌ಮಾಲಾ, ಅಂದರೆ ತಾನೇ ತಬಲಾ ನುಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಹಚ್ಚುತ್ತಿದ್ದರು. ವಿಲಂಬಿತ, ಅಂದರೆ ನಿಧಾನಗತಿಯ ಏಕತಾಳ, 12 ಮಾತ್ರೆ, ಅಂದರೆ 12 ಎಣಿಕೆ. ಅತಿ ವಿಲಂಬಿತದಲ್ಲಿ ಒಂದು ಆವರ್ತನ, ಅಂದರೆ ತಾಳದ ಒಂದು ಸುತ್ತು, ಮುಗಿಯೋಕೆ ಮುಕ್ಕಾಲು ನಿಮಿಷ ಬೇಕು. ನನಗೋ ತಡೆಯುತ್ತಿರಲಿಲ್ಲ. ಸುತ್ತು ಮುಗಿದು ಮತ್ತೆ ಬರುವ ಮೊದಲ ಮಾತ್ರೆಯೇ ಸಮ. ನಾನು ಹತ್ತನೆಯ ಮಾತ್ರೆಗೇ ಸಮಕ್ಕೆ ಬಂದು ಬೀಳುತ್ತಿದ್ದೆ. ಗುರುಗಳು ಪೆಟ್ಟಿಗೆ ಆಫ್ ಮಾಡಿ, ‘ಬಸ್ ತಪ್ಪತದೇನೋ ನಿನಗ?’ ಅನ್ನುತ್ತಿದ್ದರು.

ಈ ಆಲ್ಬಮ್ಮಿನ ಡ್ರಮ್ ಮಷೀನ್ ಕೂಡ ಆ ಪೆಟ್ಟಿಗೆಯಂಥದ್ದೇ. ಏರೋದಿಲ್ಲ, ಇಳಿಯೋದಿಲ್ಲ, ಹುರುಪು ತುಂಬೋದಿಲ್ಲ. ತಾಳ ಹೀಗೆ ಕೂತಲ್ಲೇ ಕೂತಿರುವುದರಿಂದಲೇ ಉಳಿದದ್ದರ ಸಣ್ಣ ಚಲನೆ ಕಿವಿಗೆ ಬೀಳುತ್ತದೆ. ಆರ್ಗನ್ ತಂಬೂರಿಯ ಹಾಗೆ ಹಿಂದೆ ತುಂಬಿಕೊಂಡಿರುತ್ತದೆ. ಸ್ಕ್ಯಾಲಿ ತಂತಿಯ ಮೇಲೆ ಸ್ಲೈಡ್, ಅಂದರೆ ಬೆರಳಿಗೆ ಹಾಕುವ ಕೊಳವೆ, ಜಾರಿಸಿದಾಗ ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಹೋಗುತ್ತಾರೆ. ನಮ್ಮ ಸಂಗೀತದಲ್ಲಿ ಹೀಗೆ ಜಾರೋದಕ್ಕೆ ಮೀಂಡ್ ಅಂತಾರೆ, ಅದೇ ಅಲ್ವಾ ಇದು? ಇನ್ನು ಲೆಗ್ರಾಂಡ್ ಅವರದು ಕೆಳಗಿನ, ಭಾರವಾದ ದನಿ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರನ್ನು ಕೇಳಿ ಬೆಳೆದ ನಮಗೆ ಹೆಣ್ಣಿನ ಗಡಸು ದನಿ ಹೊಸದೇನಲ್ಲ ಬಿಡಿ.

ಹೋಲಿಕೆಯನ್ನು ಜಾಸ್ತಿ ಎಳೆಯಬಾರದು. ಖ್ಯಾಲ್ ಅನ್ನೋ ನಮ್ಮ ಹಿಂದೂಸ್ತಾನಿ ಗಾಯನದಲ್ಲಿ ನಿಧಾನ ಅಂದರೆ ರಾಗ ಬಿಚ್ಚಿಕೊಳ್ಳೋಕೆ ಸಿಗುವ ಜಾಗ. ಗಾಯಕರು ಒಂದೊಂದೇ ಸ್ವರ ಹಿಡಿದು ಬಢತ್ ಮಾಡುತ್ತಾರೆ, ಅಂದರೆ ರಾಗವನ್ನು ಹಂತಹಂತವಾಗಿ ಬೆಳೆಸುತ್ತಾರೆ. ಇಲ್ಲಿ ಬಢತ್ ಇಲ್ಲ. ನಾಲ್ಕು ನಿಮಿಷದ ಹಾಡು, ಶುರುವಾದ ಮನಸ್ಥಿತಿಯಲ್ಲೇ ಮುಗಿಯುತ್ತದೆ. ಕುಂದಗೋಳದಲ್ಲಿ ರಾತ್ರಿಯಿಡೀ ಕೂತು ಸಂಗೀತ ಕೇಳಿದವರಿಗೆ ಇದು ಬರೀ ಪೀಠಿಕೆ ಅನ್ನಿಸಬಹುದು. ನನ್ನದೂ ಒಂದು ತಕರಾರಿದೆ: ನಡುವಿನ ಹಾಡುಗಳು ಒಂದರ ಪಕ್ಕ ಒಂದು ಅಂಟಿಕೊಂಡು, ಯಾವುದು ಯಾವುದೆಂದು ಗೊತ್ತಾಗೋದಿಲ್ಲ. ಮಾತುಗಳಂತೂ ಗುಂಗಿನಲ್ಲಿ ಮುಳುಗಿಹೋಗಿವೆ. ಮೂರು ಸಲ ಕೇಳಿದರೂ ಕೆಲವು ಸಾಲು ನನಗೆ ಸಿಗಲಿಲ್ಲ.

ಆದರೂ ರಾತ್ರಿ ಇದನ್ನೇ ಹಾಕಿಕೊಳ್ಳುತ್ತೇನೆ. ಚೆಂದ ಇರೋದು ಹಗುರ ಅನ್ನೋ ಮಾತನ್ನು ನಾನಂತೂ ಒಪ್ಪೋದಿಲ್ಲ. ಈ ಇಬ್ಬರು ಸದ್ದು ಏರಿಸದೆ, ಓಡದೆ ನಮ್ಮನ್ನು ಕೂರಿಸುತ್ತಾರೆ. ಅದು ಎಷ್ಟು ಕಷ್ಟ ಅಂತ ಸಮ ತಪ್ಪಿಸಿ ಬೈಸಿಕೊಂಡವರನ್ನು ಕೇಳಿ.

ಈಗ ಮೂರನೆಯ ಹಾಡು ಹಾಕುತ್ತೇನೆ, ‘ಆಪಲ್ ಆರ್ಚರ್ಡ್’. ಬಾಗಿಲ ಹತ್ತಿರ ಇರೋರು ಸ್ವಲ್ಪ ಫ್ಯಾನ್ ಆಫ್ ಮಾಡ್ತೀರಾ? ಅದರ ಟಕಟಕ ಇವರ ತಾಳಕ್ಕಿಂತ ಜೋರಾಗಿ ಓಡ್ತಿದೆ.