ಎನರ್ಜಿ ಡ್ರಿಂಕ್ ಡಬ್ಬಿ ತೆರೆಯುವ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಪರೀಕ್ಷೆ ಹತ್ತಿರ ಬಂದಿದೆ, ಓದಬೇಕಾದದ್ದು ರಾಶಿ ಬಿದ್ದಿದೆ. ರಾತ್ರಿ ಒಂಬತ್ತಕ್ಕೇ ಕಣ್ಣು ಎಳೆಯುತ್ತದೆ. ಆಗ ಕೈ ಎನರ್ಜಿ ಡ್ರಿಂಕ್ ಕಡೆ ಹೋಗುತ್ತದೆ. ರಾತ್ರಿ ಪಾಳಿಯವರು, ದೂರದ ದಾರಿ ಗಾಡಿ ಓಡಿಸುವವರು, ಜಿಮ್‌ಗೆ ಹೋಗುವ ಹುಡುಗರು, ಎಷ್ಟೋ ಜನರಿಗೆ ಇದು ರೂಢಿಯಾಗಿದೆ. ಕುಡಿದ ಅರ್ಧ ಗಂಟೆಗೆ ದಣಿವು ಹೋಯಿತು ಅನಿಸುತ್ತದೆ. ಆದರೆ ದಣಿವು ಎಲ್ಲಿಗೂ ಹೋಗಿರುವುದಿಲ್ಲ.

ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ಜಾಸ್ತಿಯಾದಂತೆ ನಿದ್ದೆ ಬರುತ್ತದೆ. ಕಾಫಿಯಲ್ಲಿರುವಂತೆ ಈ ಡ್ರಿಂಕ್‌ನಲ್ಲೂ ಕೆಫೀನ್ ಇರುತ್ತದೆ. ಅಡಿನೋಸಿನ್ ಕೂರಬೇಕಾದ ಜಾಗದಲ್ಲಿ ಈ ಕೆಫೀನ್ ಹೋಗಿ ಕೂತುಬಿಡುತ್ತದೆ. ದಣಿವಿನ ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ, ಅಷ್ಟೇ. ಅಡಿನೋಸಿನ್ ಮಾತ್ರ ಸೇರುತ್ತಲೇ ಇರುತ್ತದೆ. ಕೆಫೀನ್ ಇಳಿದ ಮೇಲೆ ತಡೆದಿಟ್ಟ ತೂಕಡಿಕೆ ಜೋರಾಗಿ ಬರುತ್ತದೆ. ಸ್ಟೇರಿಂಗ್ ಹಿಡಿದವರಿಗೆ ಆ ಗಳಿಗೆ ತುಂಬಾ ಅಪಾಯದ್ದು.

ಒಂದು ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿ ನೋಡಿ. ಎಷ್ಟೋ ಡಬ್ಬಿಗಳ ಮೇಲೆ 100 ಮಿಲಿಗೆ 32 ಮಿಲಿಗ್ರಾಂ ಕೆಫೀನ್, 11 ಗ್ರಾಂ ಸಕ್ಕರೆ ಅಂತ ಇರುತ್ತದೆ. ಕಡಿಮೆ ಅನಿಸುತ್ತದೆ, ಅಲ್ವಾ? ಡಬ್ಬಿ 500 ಮಿಲಿಯದಾದರೆ ಕೆಫೀನ್ 160 ಮಿಲಿಗ್ರಾಂ, ಸಕ್ಕರೆ 55 ಗ್ರಾಂ. ದಿನಕ್ಕೆ ಸುಮಾರು 25 ಗ್ರಾಂ ಸಕ್ಕರೆ ದಾಟದಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪಟ್ಟಿಯಲ್ಲಿ ಗ್ವಾರಾನಾ ಎಂಬ ಹೆಸರಿದ್ದರೆ ಅದನ್ನೂ ಗಮನಿಸಿ. ಆ ಬೀಜದಲ್ಲೂ ಇರುವುದು ಕೆಫೀನೇ.

ಕುಡಿದ ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಒಂಬತ್ತಕ್ಕೆ ಆ 160 ಕುಡಿದವರ ಮೈಯಲ್ಲಿ ರಾತ್ರಿ ಎರಡಕ್ಕೂ 80 ಉಳಿದಿರುತ್ತದೆ. ಮಲಗಿದರೂ ನಿದ್ದೆ ಆಳಕ್ಕೆ ಇಳಿಯುವುದಿಲ್ಲ. ಓದಿದ್ದು ನೆನಪಿನಲ್ಲಿ ನಿಲ್ಲಲು ಆ ನಿದ್ದೆಯೇ ಬೇಕು. ಬೆಳಿಗ್ಗೆ ತಲೆಭಾರ, ಮತ್ತೊಂದು ಡಬ್ಬಿ. ಹೀಗೇ ಸುತ್ತು ಶುರುವಾಗುತ್ತದೆ.

ಇನ್ನು ಹೃದಯದ ಮಾತು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 34 ಮಂದಿ ಆರೋಗ್ಯವಂತ ಯುವಜನರಿಗೆ ಒಂದು ಲೀಟರಿಗೆ ಸ್ವಲ್ಪ ಕಡಿಮೆ ಎನರ್ಜಿ ಡ್ರಿಂಕ್ ಕೊಟ್ಟು ಇಸಿಜಿ ತೆಗೆದರು. ನಾಲ್ಕು ಗಂಟೆ ಕಳೆದರೂ ಹೃದಯದ ವಿದ್ಯುತ್ ಲಯದಲ್ಲಿ ವ್ಯತ್ಯಾಸ ಕಂಡಿತು. ರಕ್ತದೊತ್ತಡವೂ ಏರಿತ್ತು. ಗಟ್ಟಿ ಹೃದಯ ಇದನ್ನು ತಡೆದುಕೊಳ್ಳಬಹುದು. ಹುಟ್ಟಿನಿಂದಲೇ ಲಯದ ತೊಂದರೆ ಇದ್ದು ಅದು ಗೊತ್ತೇ ಇಲ್ಲದವರ ಗತಿ ಏನು? ನನಗೆ ಭಯ ಇರುವುದು ಅವರ ಬಗ್ಗೆ.

ಮಕ್ಕಳ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಲೆಕ್ಕದಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್‌ವರೆಗೆ ತೊಂದರೆಯಿಲ್ಲ, ಗರ್ಭಿಣಿಯರಿಗೆ 200ರವರೆಗೆ. ಮಕ್ಕಳಿಗೆ ಕಿಲೋ ತೂಕಕ್ಕೆ 3 ಮಿಲಿಗ್ರಾಂ. 40 ಕಿಲೋ ತೂಗುವ ಹುಡುಗನಿಗೆ 120 ಆಯಿತು. ಒಂದೇ ದೊಡ್ಡ ಡಬ್ಬಿ ಅದನ್ನು ದಾಟುತ್ತದೆ. ಲಿಥುವೇನಿಯಾ 2014ರಲ್ಲಿ, ಪೋಲೆಂಡ್ 2024ರಲ್ಲಿ 18 ತುಂಬದವರಿಗೆ ಇದನ್ನು ಮಾರುವುದನ್ನೇ ನಿಲ್ಲಿಸಿದವು. ಸರಿಯಾದ ಕೆಲಸ ಮಾಡಿದರು.

ಮದ್ಯದ ಜೊತೆಗಂತೂ ಬೇಡವೇ ಬೇಡ. ಅಮಲು ಏರಿರುತ್ತದೆ, ಏರಿದ್ದು ಗೊತ್ತಾಗುವುದಿಲ್ಲ. ಇನ್ನೂ ಕುಡಿಯುತ್ತಾರೆ, ಗಾಡಿಯನ್ನೂ ಹತ್ತುತ್ತಾರೆ.

ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಒಂದೆರಡು ದಿನ ತಲೆನೋವು, ಸಿಡುಕು ಬರಬಹುದು. ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿದರೆ ಸುಲಭ. ಕುಡಿದ ಮೇಲೆ ಯಾರಿಗಾದರೂ ಎದೆ ನೋವು, ತಪ್ಪಿದ ಎದೆಬಡಿತ ಅಥವಾ ತಲೆ ಸುತ್ತಿ ಬೀಳುವುದು ಕಂಡರೆ ಸುಮ್ನೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಏನು ಕುಡಿದರು, ಎಷ್ಟು ಕುಡಿದರು ಎಂದು ವೈದ್ಯರಿಗೆ ಮುಚ್ಚಿಡದೆ ಹೇಳಿ. ಖಾಲಿ ಡಬ್ಬಿ ಸಿಕ್ಕರೆ ಅದನ್ನೂ ಜೊತೆಗೆ ಒಯ್ಯಿರಿ.

ನಮಸ್ಕಾರ.