ಪವರ್ ಬ್ಯಾಂಕಿನ ಎಂಎಎಚ್ ಎಷ್ಟು ನಿಜ? ಲ್ಯಾಮಿಂಗ್ಟನ್ ರಸ್ತೆಯಲ್ಲಿ ಒಂದು ಸುತ್ತು

ಮುಂಬೈಯ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಪೂರ್ವಕ್ಕೆ ಬಂದೆವು. ಫಲಕದಲ್ಲಿ ಡಾ. ಭಡ್ಕಮ್ಕರ್ ಮಾರ್ಗ ಎಂದಿದ್ದರೂ ಎಲ್ಲರ ಬಾಯಲ್ಲಿ ಇದು ಲ್ಯಾಮಿಂಗ್ಟನ್ ರಸ್ತೆಯೇ. ನನಗೆ ಪವರ್ ಬ್ಯಾಂಕ್ ಬೇಕು. ಮತ್ಸ್ಯಗಂಧಾ ರೈಲಿನಲ್ಲಿ ಊರಿಗೆ ಹೊರಟರೆ ಬೋಗಿಯ ಪ್ಲಗ್ ಯಾವತ್ತೂ ಖಾಲಿ ಇರುವುದಿಲ್ಲ. ರತ್ನಾಗಿರಿ ದಾಟಿದ ಮೇಲೆ ಸುರಂಗಗಳು ಬೇರೆ, ಸಿಗ್ನಲ್ ಹುಡುಕುತ್ತಲೇ ಮೊಬೈಲ್ ಸೊರಗುತ್ತದೆ. ಆ ದಾರಿಯ ಮಳೆಗಾಲವನ್ನು ಒಮ್ಮೆ ತೋರಿಸಬೇಕು... ಇರಲಿ, ಅಂಗಡಿ ಬಂತು.

ಈ ಡಬ್ಬಿಯನ್ನು ನೋಡಿ. ಅಂಗೈಯಷ್ಟೇ ಇದೆ, 50,000 ಎಂಎಎಚ್ ಎಂದು ಬರೆದಿದೆ, ಬೆಲೆ 450 ರೂಪಾಯಿ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಎಂಎಎಚ್ (ಮಿಲಿಆಂಪಿಯರ್-ಅವರ್) ಎಂದರೆ ಎಷ್ಟು ಕರೆಂಟನ್ನು ಎಷ್ಟು ಗಂಟೆ ಕೊಡಬಲ್ಲದು ಎಂಬ ಲೆಕ್ಕ. 1,000 ಮಿಲಿಆಂಪಿಯರನ್ನು ಹತ್ತು ಗಂಟೆ ಕೊಟ್ಟರೆ 10,000. ಇಂಥ ಡಬ್ಬಿಗಳಲ್ಲಿ ಹಾಕುವ 18650 ಎಂಬ ಅಳತೆಯ ಉದ್ದನೆಯ ಸೆಲ್, ಎಷ್ಟೇ ಒಳ್ಳೆಯದಾದರೂ, ಸುಮಾರು 3,500 ಎಂಎಎಚ್ ಹಿಡಿಯುತ್ತದೆ, ಐವತ್ತು ಗ್ರಾಮಿನ ಆಸುಪಾಸು ತೂಗುತ್ತದೆ. ಐವತ್ತು ಸಾವಿರಕ್ಕೆ ಹದಿನೈದು ಸೆಲ್ ಬೇಕು! ಅರ್ಧ ಕಿಲೋ ಮೀರಬೇಕಾದ ವಸ್ತು ಕೈಯಲ್ಲಿ ಹಗುರವಾಗಿ ಕುಳಿತಿದೆ. ಬರೆದದ್ದು ನಿಜವೇ ಆಗಿದ್ದರೆ ಇದು 185 ವಾಟ್-ಅವರ್ (ವೋಲ್ಟೇಜನ್ನೂ ಸೇರಿಸಿದ ಒಟ್ಟು ಶಕ್ತಿಯ ಲೆಕ್ಕ), ವಿಮಾನದೊಳಗೆ ಒಯ್ಯಲು ಬಿಡುವುದೇ ಇಲ್ಲ. ದುಡಿದ ಹಣ ಕೊಡುವವರಿಗೆ ಇದು ಶುದ್ಧ ಮೋಸ.

ಸರಿಯಾದ ಕಂಪನಿಯ ಮಾಲಿನಲ್ಲೂ ಒಂದು ವಿಷಯ ಗಮನಿಸಿ. ಮುಂದೆ ದಪ್ಪಗೆ ಬರೆದ 10,000 ಒಳಗಿನ 3.7 ವೋಲ್ಟ್ ಸೆಲ್ಲಿನದು. ಯುಎಸ್‌ಬಿಯಲ್ಲಿ ಹೊರಬರುವುದು 5 ವೋಲ್ಟ್. ಅಲ್ಲಿಗೇ 7,400ಕ್ಕೆ ಇಳಿಯಿತು. ವೋಲ್ಟೇಜ್ ಏರಿಸುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ, ಉಳಿಯುವುದು ಆರು ಸಾವಿರದ ಸುತ್ತಮುತ್ತ. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ರೇಟೆಡ್ ಕೆಪಾಸಿಟಿ ಎಂದು ಇದನ್ನೇ ಕೊಟ್ಟಿರುತ್ತಾರೆ.

ಎಂಎಎಚ್ ಬರೆಯುವುದನ್ನೇ ನಿಲ್ಲಿಸಿ ವಾಟ್-ಅವರ್ ಮಾತ್ರ ಬರೆಯಿಸಬೇಕು. ಇಲ್ಲ, ಮೊಬೈಲಿಗೆ ಬೇಕಾದರೆ ಇರಲಿ. ಅಲ್ಲಿ ಸೆಲ್ಲುಗಳ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ, ಹೋಲಿಸಲು ಅನುಕೂಲ. ಪವರ್ ಬ್ಯಾಂಕಿಗೆ ಮಾತ್ರ ಬೇಡವೇ ಬೇಡ.

ಈ ಒಳಗಿನ ಅಂಗಡಿಯ ಅಣ್ಣ ಕುಂದಾಪುರದ ಕಡೆಯವರು. ಕೇಳಿದ್ದೇ ತಡ, 10,000 ಎಂಎಎಚ್‌ನ ಡಬ್ಬಿ ತಿರುಗಿಸಿ "37 ವಾಟ್-ಅವರ್, ಇಲ್ಲಿ ನೋಡಿ" ಎಂದು ಬೆರಳಿಟ್ಟು ತೋರಿಸಿದರು. ಬೆಲೆ ದುಪ್ಪಟ್ಟಿಗಿಂತ ಹೆಚ್ಚು. ಕೊಟ್ಟೆ, ಬಿಲ್ ಸಹಿತ ತೆಗೆದುಕೊಂಡೆ. ಹೊರಬರುವ ಕರೆಂಟ್ ಅಳೆಯುವ ಯುಎಸ್‌ಬಿ ಮೀಟರ್ ಎದುರು ಸಾಲಿನಲ್ಲಿ ಸಿಗುತ್ತದಂತೆ. ಅಲ್ಲಿ ಷಟರ್ ಎಳೆಯುತ್ತಿದ್ದಾರೆ, ಬೇಗ ದಾಟೋಣ.