ಇಸ್ಪೀಟು ಎಲೆಯಲ್ಲಿ ಕೂಡುವ ಕಳೆಯುವ ಲೆಕ್ಕ

ಪೋಷಕರಿಗೆಲ್ಲ ನಮಸ್ಕಾರ.

ಮಕ್ಕಳ ಕೈಗೆ ಇಸ್ಪೀಟು ಕೊಡಿ ಎಂದರೆ ಎಷ್ಟೋ ಮನೆಗಳಲ್ಲಿ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಅವರ ಭಯಕ್ಕೆ ಕಾರಣವಿದೆ, ಜೂಜಿನಲ್ಲಿ ಹೊಲ ಮನೆ ಕಳೆದುಕೊಂಡವರನ್ನು ಅವರು ಕಂಡಿದ್ದಾರೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಆಟದಲ್ಲಿ ದುಡ್ಡು ಬೇಡ, ಒಂದು ರೂಪಾಯಿಯೂ ಬೇಡ. ಹಾಗಂತ ಎಲೆಯಾಟವೇ ಕೀಳಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಂಬ ಹಳೆಯ ಕಾಲದ ಎಲೆಯಾಟದಲ್ಲಿ ಹೊಸ ಹೊಸ ಆಟಗಳನ್ನೇ ರೂಪಿಸಿದರು. ದಶಾವತಾರ ಗಂಜೀಫಾದಲ್ಲಿ ಒಂದೊಂದು ಅವತಾರಕ್ಕೆ 12ರಂತೆ 120 ಎಲೆ. ರಾಜ, ಮಂತ್ರಿ ಬಿಟ್ಟರೆ ಉಳಿದದ್ದೆಲ್ಲ ಒಂದರಿಂದ ಹತ್ತರವರೆಗಿನ ಸಂಖ್ಯೆಗಳೇ.

ಈಗ ನಮ್ಮ 52 ಎಲೆಯ ಕಟ್ಟಿಗೆ ಬರೋಣ. ಆಟೀನ್ ಏಳನ್ನು ಕೈಯಲ್ಲಿ ಹಿಡಿದು ನೋಡಿ. ಮೂಲೆಯಲ್ಲಿ 7 ಎಂಬ ಅಂಕಿ, ನಡುವೆ ಏಳು ಆಟೀನು: ಎಡಕ್ಕೆ ಮೂರು, ಬಲಕ್ಕೆ ಮೂರು, ಮಧ್ಯೆ ಒಂದು. ಒಂಬತ್ತರಲ್ಲಿ ನಾಲ್ಕು, ನಾಲ್ಕು, ಒಂದು. ಸಂಖ್ಯೆಯನ್ನು ಒಡೆಯುವುದು, ಸೇರಿಸುವುದು ಎರಡೂ ಎಲೆಯ ಮೇಲೆಯೇ ಕಾಣುತ್ತವೆ. ಅಂಕಿ ಗುರುತು ಸಿಗದ ಮಗು ಬೆರಳಿಟ್ಟು ಎಣಿಸಿಕೊಳ್ಳಬಹುದು. ಯಾರನ್ನೂ ಕೇಳಬೇಕಿಲ್ಲ.

ರಾಜ, ರಾಣಿ, ಗುಲಾಮ ತೆಗೆದಿಡಿ. ಎಕ್ಕ ಅಂದರೆ ಒಂದು. ಇಬ್ಬರೂ ಒಂದೊಂದು ಎಲೆ ತಿರುಗಿಸಿ, ದೊಡ್ಡದು ಬಂದವರು ಎರಡನ್ನೂ ಎತ್ತಿಕೊಳ್ಳಲಿ. ಅದು ಸಲೀಸಾದ ಮೇಲೆ ಎರಡೆರಡು ಎಲೆ ತಿರುಗಿಸಿ ಕೂಡಿಸಿ. ಎಂಟು ಮತ್ತು ಐದು ಬಂತೆನ್ನಿ. ಮೊದಮೊದಲು ಮಗು ಒಂದರಿಂದಲೇ ಶುರುಮಾಡಿ ಹದಿಮೂರರವರೆಗೆ ಎಣಿಸುತ್ತದೆ. ಆಡುತ್ತಾ ಆಡುತ್ತಾ ಒಂದು ದಿನ ಎಂಟನ್ನು ಹಾಗೇ ಇಟ್ಟುಕೊಂಡು ‘ಒಂಬತ್ತು, ಹತ್ತು, ಹನ್ನೊಂದು...’ ಎಂದು ಮುಂದುವರಿಸುತ್ತದೆ. ಅದು ದೊಡ್ಡ ಜಿಗಿತ. ಬೆರಳು ಮಡಚಿದರೆ ಮಡಚಲಿ, ದಯವಿಟ್ಟು ತಡೆಯಬೇಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹತ್ತರ ಜೋಡಿ. ಹತ್ತುಗಳನ್ನೂ ತೆಗೆದರೆ 36 ಎಲೆ ಉಳಿಯುತ್ತವೆ. ಎಂಟು ಎಲೆ ಮುಖ ಮೇಲಾಗಿ ಹರಡಿ, ಕೂಡಿದರೆ ಹತ್ತಾಗುವ ಎರಡನ್ನು ಸರದಿಯಂತೆ ಎತ್ತಿಕೊಳ್ಳಿ, ಖಾಲಿ ಜಾಗಕ್ಕೆ ಕಟ್ಟಿನಿಂದ ತುಂಬಿ. ಜೋಡಿಯೇ ಕಾಣದಿದ್ದರೆ ಇನ್ನೊಂದು ಎಲೆ ಹಾಕಿ. ತಪ್ಪಿಲ್ಲದೆ ಆಡಿದರೆ ಸರಿಯಾಗಿ 18 ಜೋಡಿ, ಒಂದೂ ಮಿಗುವುದಿಲ್ಲ. ಯಾರಾದರೂ ಏಳು ಮತ್ತು ನಾಲ್ಕನ್ನು ಹತ್ತೆಂದು ಎತ್ತಿಕೊಂಡಿದ್ದರೆ ಕೊನೆಗೆ ಮೂರು ಮತ್ತು ಆರು ಒಂಟಿಯಾಗಿ ಬಿದ್ದಿರುತ್ತವೆ. ಆಗ ಮಗು ತಾನೇ ಎಲ್ಲ ಜೋಡಿಗಳನ್ನೂ ಬಿಡಿಸಿ ತಪ್ಪು ಹುಡುಕುತ್ತದೆ. ಕೆಂಪು ಶಾಯಿಯ ಗೀಟಿಲ್ಲದೆ ತಪ್ಪು ತಿದ್ದಿಕೊಳ್ಳುವ ಅವಕಾಶ ಮಕ್ಕಳಿಗೆ ಎಷ್ಟು ಅಪರೂಪ!

ಕಳೆಯುವುದಕ್ಕೆ ಹುಣಸೆಬೀಜ ಸಾಕು. ಒಂಬತ್ತು, ನಾಲ್ಕು ತಿರುಗಿದರೆ ಒಂಬತ್ತರವರಿಗೆ ಐದು ಬೀಜ.

ಇನ್ನು ದೊಡ್ಡವರಿಗೆ ಒಂದು ಮಾತು. ಮಗು ಯೋಚಿಸುತ್ತಿರುವಾಗ ಉತ್ತರ ನಿಮ್ಮ ನಾಲಿಗೆಯ ತುದಿಗೆ ಬಂದಿರುತ್ತದೆ, ನುಂಗಿಕೊಳ್ಳಿ. ‘ಇಷ್ಟೂ ಗೊತ್ತಾಗಲ್ವಾ’ ಎಂದರೆ ಆಟ ಅಲ್ಲಿಗೇ ಮುಗಿಯಿತು, ಪರೀಕ್ಷೆ ಶುರುವಾಯಿತು. ಮಗುವನ್ನು ಗೆಲ್ಲಿಸಲೆಂದು ನೀವು ಸುಳ್ಳುಸುಳ್ಳೇ ಸೋಲಬೇಕಾಗಿಯೂ ಇಲ್ಲ. ಯಾವ ಎಲೆ ಬರುತ್ತದೆ ಎಂಬುದು ಅದೃಷ್ಟ, ಅಲ್ಲಿ ಆರು ವರ್ಷದವಳೂ ಅಜ್ಜನನ್ನು ನಿಜವಾಗಿಯೇ ಸೋಲಿಸುತ್ತಾಳೆ.

ಗುಣಾಕಾರ ಕಲಿತ ಮಕ್ಕಳಿಗೆ ‘ಇಪ್ಪತ್ನಾಲ್ಕು’ ಆಡಿಸಿ. ನಾಲ್ಕು ಎಲೆ ಹಾಸಿ, ನಾಲ್ಕನ್ನೂ ಒಂದೊಂದು ಸಲ ಬಳಸಿ, ಕೂಡಿ ಕಳೆದು ಗುಣಿಸಿ ಭಾಗಿಸಿ 24 ತರಬೇಕು. ಒಂದು, ಎರಡು, ಮೂರು, ನಾಲ್ಕು ಬಂದರೆ ಗುಣಿಸುತ್ತಾ ಹೋದರಾಯಿತು. ಐದರ ಮೂರು ಎಲೆ ಮತ್ತು ಒಂದು ಎಕ್ಕ ಬಂದರೆ ಹೈಸ್ಕೂಲಿನವರೂ ತಲೆ ಕೆರೆದುಕೊಳ್ಳುತ್ತಾರೆ: ಒಂದನ್ನು ಐದರಿಂದ ಭಾಗಿಸಿ, ಬಂದದ್ದನ್ನು ಐದರಲ್ಲಿ ಕಳೆದು, ಉಳಿದದ್ದನ್ನು ಐದರಿಂದ ಗುಣಿಸಬೇಕು.